ಎಣಿಸದ ಉಸಿರು

ಪರದೆಯ ಮೇಲೆ ಹಸಿರು ಮೂಡಿದ ಮೇಲೂ ಭಾಗ್ಯಜ್ಯೋತಿಯ ಬೆರಳು ಗಾಜನ್ನು ಬಿಟ್ಟೇಳಲಿಲ್ಲ. ಕಿಟಕಿಯ ಪಕ್ಕದ ಹಾಸಿಗೆಯಲ್ಲಿ ಮಲಗಿದ್ದ ಖಾಸೀಂಬಿಯ ನಾಡಿ, ಜ್ವರ, ರಕ್ತದೊತ್ತಡ, ರಕ್ತದೊಳಗಿನ ಆಮ್ಲಜನಕ ಇವೆಲ್ಲವನ್ನೂ ಯಂತ್ರಗಳೇ ಅಳೆದು ಕೊಟ್ಟಿದ್ದವು. ನಿಮಿಷಕ್ಕೆ ಎಷ್ಟು ಉಸಿರು ಎಂಬುದೊಂದನ್ನು ಮಾತ್ರ ಮನುಷ್ಯರು ಕಣ್ಣಿನಿಂದ ಎಣಿಸಿ ತುಂಬಬೇಕಿತ್ತು. ಅವಳು ತುಂಬಿದ್ದಳು. ಹದಿನೆಂಟು. ಎಣಿಸಿರಲಿಲ್ಲ. ನಿನ್ನೆಯೂ ಎಣಿಸಿರಲಿಲ್ಲ, ಮೊನ್ನೆಯೂ ಇಲ್ಲ. ಈ ವಾರ್ಡಿನಲ್ಲಿ ಉಸಿರು ಎಣಿಸುವವರನ್ನು ಅವಳು ಕಂಡೇ ಇರಲಿಲ್ಲ. ಆದರೆ ಇಂದು, ಬೆರಳು ಒತ್ತಿದ ಕ್ಷಣಕ್ಕೆ ಸರಿಯಾಗಿ, ಮುದುಕಿಯ ಮೂಗಿನ ಹೊಳ್ಳೆಗಳು ಅರಳಿ ಮುಚ್ಚಿದ್ದನ್ನು ಕಣ್ಣಿನ ಅಂಚು ಕಂಡಿತ್ತು. ಕಂಡಿತ್ತೋ, ಕಂಡಂತೆ ಆಗಿತ್ತೋ. ನೆಟ್ಟಗೆ ನೋಡಿದರೆ ತಿಳಿದುಹೋದೀತು ಎಂಬ ಭಯಕ್ಕೆ ಅವಳು ಪರದೆಯನ್ನೇ ನೋಡುತ್ತ ನಿಂತಳು. ಕೊಟ್ಟ ಅಂಕಿಗಳನ್ನೆಲ್ಲ ನುಂಗಿ, ಒಳಗೊಳಗೇ ಏನನ್ನೋ ತೂಗಿ, ರೋಗಿ ಕ್ಷೇಮವಾಗಿದ್ದರೆ ಹಸಿರು, ಕಣ್ಣಿಡಬೇಕಾಗಿದ್ದರೆ ಹಳದಿ, ಓಡಿಬರಬೇಕಾಗಿದ್ದರೆ ಕೆಂಪು ಬಣ್ಣ ತೋರುವ ಆ ಕೃತಕ ಬುದ್ಧಿಯ ಫಲಕಕ್ಕೆ ಹುಡುಗಿಯರು ‘ಶಾಣ್ಯಾ’, ಅಂದರೆ ಜಾಣ, ಎಂದು ಹೆಸರಿಟ್ಟಿದ್ದರು. ಶಾಣ್ಯಾ ಬಂದ ಮೇಲೆ ಜೇವರ್ಗಿಯ ಈ ಆಸ್ಪತ್ರೆಯಲ್ಲಿ ಡಾಕ್ಟರರ ನಡಿಗೆಯೇ ಬದಲಾಗಿತ್ತು. ಹಸಿರಿನ ಹಾಸಿಗೆಗಳನ್ನು ಅವರು ನಿಲ್ಲದೆ ದಾಟಿಕೊಂಡು ಹೋಗುತ್ತಿದ್ದರು.

“ಬೇಟಿ, ದಮ್… ಹತ್ತಾಕತ್ತದ,” ಎಂದಳು ಖಾಸೀಂಬಿ. ನೆಲೋಗಿಯ ಮಗಳ ಮನೆಗೆಂದು ಅತನೂರಿನಿಂದ ಬಂದವಳು, ಜ್ವರ ಕೆಮ್ಮು ಹಿಡಿದು ಇಲ್ಲಿ ಬಂದು ಮಲಗಿದ್ದಳು. ಮೂಗಿಗೆ ಆಮ್ಲಜನಕದ ಕೊಳವೆ ಇತ್ತು.

“ಎಲ್ಲಾ ಬರೋಬ್ಬರಿ ಅದ ಅಮ್ಮಾ. ನೋಡ್ರಿ, ಹಸರ ಬಂದದ.” ಭಾಗ್ಯಜ್ಯೋತಿ ಫಲಕವನ್ನು ಅವಳ ಮುಖದ ಕಡೆ ತಿರುಗಿಸಿದಳು. ಹಸಿರು ಬೆಳಕು ಸುಕ್ಕುಗಳ ಮೇಲೆ ಬಿತ್ತು.

ಕಾಲಬುಡದ ಸ್ಟೂಲಿನ ಮೇಲೆ ಕುಳಿತಿದ್ದ ಮಗ ಸಲಾವುದ್ದೀನ ನಕ್ಕ. “ಕೇಳಿದಿಲ್ಲೋ ಮಾ? ಮಶೀನಿಗಿಂತ ನೀ ಹೆಚ್ಚಿನಾಕಿ ಏನು? ಮನ್ಯಾಗೂ ಹಿಂಗ ಬೇಟಿ, ಸೊಸಿ ಚಾ ಕೊಡೋದು ತಡ ಮಾಡಿದ್ರ ಈಕಿಗೆ ದಮ್ ಹತ್ತತದ.” ಮುದುಕಿಯೂ ನಕ್ಕಳು; ನಗುವಿಗೆ ಉಸಿರು ಸಾಲದೆ ಅರ್ಧಕ್ಕೇ ಬಿಟ್ಟಳು. ಭಾಗ್ಯಜ್ಯೋತಿ ಮುಂದಿನ ಹಾಸಿಗೆಗೆ ನಡೆದಳು. ಅಲ್ಲಿಯೂ ಹದಿನೆಂಟು.

ನರ್ಸಿಂಗ್ ಓದಿನ ಮೊದಲ ವರ್ಷದಲ್ಲಿ ಅವಳು ಎಣಿಸಿದ್ದಳು. ಉಸಿರನ್ನು ಕದ್ದು ಎಣಿಸಬೇಕು ಎಂದು ಪಾಠವಾಗಿತ್ತು: ಎಣಿಸುತ್ತಿದ್ದೇವೆಂದು ರೋಗಿಗೆ ತಿಳಿದರೆ ಅವನು ಬೇರೆ ಬಗೆಯಲ್ಲಿ ಉಸಿರಾಡತೊಡಗುತ್ತಾನೆ, ಆದ್ದರಿಂದ ನಾಡಿ ನೋಡುವವಳಂತೆ ಮಣಿಕಟ್ಟು ಹಿಡಿದು, ಕಣ್ಣನ್ನು ಮಾತ್ರ ಅವನ ಹೊಟ್ಟೆಯ ಮೇಲೆ ಇರಿಸಬೇಕು. ಹಾಗೆ ನಿಂತಿದ್ದಳು, ಗೋಡೆಯ ಗಡಿಯಾರದ ಸೆಕೆಂಡಿನ ಮುಳ್ಳು ಪೂರ್ತಿ ಒಂದು ಸುತ್ತು ಬರುವವರೆಗೆ, ಪ್ರಪಂಚದಲ್ಲಿ ಮತ್ತೇನೂ ಇಲ್ಲದವಳಂತೆ. ಸುಭದ್ರಾಬಾಯಿ ಸಿಸ್ಟರ್ ಬಾಗಿಲಲ್ಲಿ ಬಂದು ನಿಂತದ್ದು ತಿಳಿಯಲಿಲ್ಲ. “ಏನ್ ಬೇ, ಪೇಷಂಟಿನ ಹೊಟ್ಟಿ ನೋಡ್ಕೋತ ನಿಂತಿ? ಸಿನಿಮಾ ನಡದದೇನ ಅಲ್ಲಿ?” ಇಡೀ ವಾರ್ಡು ನಕ್ಕಿತ್ತು, ಆ ಹೊಟ್ಟೆಯ ಒಡೆಯನೂ ನಕ್ಕಿದ್ದ, ಎಣಿಕೆ ತಪ್ಪಿತ್ತು. “ಇಷ್ಟ ಮಂದಿ ಬಿದ್ದಾರ, ಒಬ್ಬೊಬ್ಬರ ಉಸರ ಎಣಿಸಿಕೋತ ಕುಂತ್ರ ಸೂಜಿ ಯಾರ ಹಾಕ್ಬೇಕು, ನಿಮ್ಮಪ್ಪನ? ಕೇಳಿಲ್ಲಿ. ಸತ್ತೋರಿಗೆ ಸೊನ್ನಿ, ಉಳದೋರಿಗೆ ಹದಿನೆಂಟ.” ಆ ಸೂತ್ರ ಹಾಸ್ಟೆಲಿನಲ್ಲಿ ಗಾದೆಯಾಯಿತು. ಊಟದ ಸಾಲಿನಲ್ಲಿ ಯಾರಾದರೂ “ಎಷ್ಟ ರೊಟ್ಟಿ ಬೇ?” ಎಂದರೆ “ಉಳದೋರಿಗೆ ಹದಿನೆಂಟ” ಎಂಬ ಉತ್ತರ ಬರುತ್ತಿತ್ತು. ಎಲ್ಲರೊಡನೆ ಅವಳೂ ನಗುತ್ತಿದ್ದಳು, ಎಲ್ಲರಿಗಿಂತ ಸ್ವಲ್ಪ ಜೋರಾಗಿಯೇ. ಅವಮಾನವನ್ನು ಮರೆಸುವುದಕ್ಕೆ ಅವಮಾನ ಮಾಡಿದವರ ಮಾತನ್ನೇ ಆಡುವುದು ಎಷ್ಟು ಸುಲಭ. ಆಮೇಲೆ ಶಾಣ್ಯಾ ಬಂತು. ತಿಂಗಳುಗಟ್ಟಲೆ ಹದಿನೆಂಟನ್ನೇ ನುಂಗಿದ ಆ ಬುದ್ಧಿ, ಒಂದು ದಿನ ಉಸಿರಿನ ಅಂಕಿ ತುಂಬುವ ಮನೆಯಲ್ಲಿ ತಾನಾಗಿಯೇ ಹದಿನೆಂಟನ್ನು ಬೂದು ಬಣ್ಣದಲ್ಲಿ ಬರೆದು ತೋರಿಸತೊಡಗಿತು. ಒಪ್ಪಿಗೆಯೆಂದು ಒತ್ತಿದರೆ ಸಾಕು. ಹುಡುಗಿಯರು ಕುಣಿದಾಡಿದರು. ನಮ್ಮ ಕೆಲಸ ಅದು ಕಲಿತುಬಿಟ್ಟಿತು ಎಂದರು. ಅದು ಕಲಿತದ್ದು ಯಾವುದನ್ನು ಎಂಬ ಪ್ರಶ್ನೆ ಆಗ ಯಾರ ಮನಸ್ಸಿಗೂ ಬರಲಿಲ್ಲ. ಬಂದಿದ್ದರೂ ಅದನ್ನು ಹೊರಗೆ ಹಾಕುವ ಧೈರ್ಯ ಅವಳಲ್ಲಂತೂ ಇರಲಿಲ್ಲ.

ಮಧ್ಯಾಹ್ನದ ಊಟಕ್ಕೆ ಮೊದಲು ಮೂರನೇ ವರ್ಷದವರನ್ನೆಲ್ಲ ಆಸ್ಪತ್ರೆಯ ಮೇಲಂತಸ್ತಿನ ಕೋಣೆಗೆ ಕರೆದರು. ಉಪನ್ಯಾಸಕ ಅರುಣಕುಮಾರ ಸರ್ ಒಂದು ಅಧ್ಯಯನ ಕೈಗೊಂಡಿದ್ದರು: ಆರೋಗ್ಯಸೇವೆಯಲ್ಲಿ ಕೃತಕ ಬುದ್ಧಿಮತ್ತೆಯ ಕುರಿತು ಶುಶ್ರೂಷಾ ವಿದ್ಯಾರ್ಥಿನಿಯರ ಅರಿವು ಮತ್ತು ಅಭಿಪ್ರಾಯ. ಫ್ಯಾನು ಬಿಸಿಗಾಳಿಯನ್ನೇ ತಿರುಗಿಸುತ್ತಿತ್ತು. “ಸರ್, ಮಶೀನ ಬಂದ್ರ ನಮ್ಮ ನೌಕರಿ ಹೋಗ್ತಾವೇನ್ರಿ?” ಎಂದು ಮಿನಾಜ ಕೇಳಿದಳು. ಉತ್ತರ ಕೊಟ್ಟವಳು ಭಾಗ್ಯಜ್ಯೋತಿಯ ಪಕ್ಕದಲ್ಲಿದ್ದ ಗೆಳತಿ ಅಫ್ರೀನ. “ಬೆಡ್‌ಪ್ಯಾನ್ ಎತ್ತಾಕ ಅದಕ್ಕ ಕೈ ಎಲ್ಲಿ ಅದಾವ ಬೇ? ನಿನ್ನ ನೌಕರಿ ಗಟ್ಟಿ ಅದ, ಅಂಜಬ್ಯಾಡ.” ಕೋಣೆ ನಕ್ಕಿತು, ಸರ್ ಕೂಡ ನಕ್ಕರು. ಭಾಗ್ಯಜ್ಯೋತಿ ಸರ್ ಹಂಚಿದ್ದ ಹಾಳೆಯ ಪ್ರಶ್ನೆಗಳನ್ನು ಓದುತ್ತಿದ್ದಳು. ನನ್ನ ಅಂದಾಜಿಗಿಂತ ಯಂತ್ರದ ತೀರ್ಪನ್ನು ನಾನು ಹೆಚ್ಚು ನಂಬುತ್ತೇನೆ. ಪೂರ್ಣವಾಗಿ ಒಪ್ಪುತ್ತೇನೆ ಎಂಬಲ್ಲಿಗೆ ಪೆನ್ನು ತಾನಾಗಿ ಹೋಯಿತು. ನಂಬಿಕೆಯಿಂದಲೇ? ರೋಗಿಯ ಮುಖ ನೋಡಿ ‘ಕ್ಷೇಮ’ ಎಂದು ತಾನೇ ಹೇಳಿದರೆ ಆ ಮಾತು ತನ್ನ ಕೊರಳಿಗೆ ಸುತ್ತಿಕೊಳ್ಳುತ್ತದೆ. ಯಂತ್ರ ಹೇಳಿದರೆ ತಾನು ಬರೀ ಪರದೆಯನ್ನು ತಿರುಗಿಸಿ ತೋರಿಸಿದವಳು. ಅವಳು ಪ್ರೀತಿಸಿದ್ದು ಯಂತ್ರದ ಬುದ್ಧಿಯನ್ನಲ್ಲ, ಅದರ ಹಿಂದೆ ಇದ್ದ ನೆರಳನ್ನು. ಮುಂದಿನ ಪ್ರಶ್ನೆ: ಯಂತ್ರದ ತೀರ್ಪು ತಪ್ಪಾದಾಗ ಹೊಣೆ ಯಾರದು? ತಯಾರಿಸಿದವರು, ವೈದ್ಯರು, ಶುಶ್ರೂಷಕಿ, ಯಾರೂ ಅಲ್ಲ. ಅರಳಿ ಮುಚ್ಚಿದ ಮೂಗಿನ ಹೊಳ್ಳೆಗಳು ಆ ನಾಲ್ಕು ಉತ್ತರಗಳ ನಡುವೆ ಬಂದು ನಿಂತವು.

“ಭಾಗ್ಯಜ್ಯೋತಿ, ನೀನು ಚೆನ್ನಾಗಿ ಮಾತಾಡುತ್ತೀ. ನಿನ್ನ ಅಭಿಪ್ರಾಯ ಹೇಳು,” ಎಂದರು ಸರ್.

ಅವಳು ಎದ್ದಳು. ಕಡಗಂಚಿಯ ಮನೆಯಲ್ಲಿ ತಂದೆ ಜಗದೇವಪ್ಪ ಬಂದವರ ಮುಂದೆಲ್ಲ ಆಸ್ಪತ್ರೆಯ ಯಂತ್ರದ ಬಗ್ಗೆ ಹೇಳಿಸುತ್ತಿದ್ದ ಮಾತುಗಳೇ ಬಾಯಿಗೆ ಬಂದವು. ತನ್ನ ದನಿಯನ್ನು ಅವಳು ಬೇರೆ ಯಾರದೋ ದನಿಯಂತೆ ಕೇಳಿಸಿಕೊಂಡಳು. “ಯಂತ್ರಕ್ಕೆ ದಣಿವಿಲ್ಲ ಸರ್. ಅದು ಮರೆಯುವುದಿಲ್ಲ. ಬಡವರು ಶ್ರೀಮಂತರು ಎಂದು ನೋಡುವುದಿಲ್ಲ. ಮನುಷ್ಯರ ಹಾಗೆ ಸುಳ್ಳು ಹೇಳುವುದಿಲ್ಲ.” ಚಪ್ಪಾಳೆ ಬಿತ್ತು. ಕುಳಿತಾಗ ಅಫ್ರೀನ ಕಿವಿಯ ಬಳಿ ಬಾಗಿ, “ಅದು ಯಾಕ ಸುಳ್ಳ ಹೇಳ್ತದ ಬೇ? ನಾವು ಹೇಳಿದ್ದ ಹೇಳ್ತದ, ಪಾಪ,” ಎಂದು ನಕ್ಕಳು. ಗೆಳತಿಯ ಬಿಸಿಯುಸಿರು ಕಿವಿಗೆ ತಗುಲಿತು. ಅಲ್ಲಿಂದ ಮುಂದೆ ಭಾಗ್ಯಜ್ಯೋತಿಗೆ ಆ ಕೋಣೆಯಲ್ಲಿ ಉಸಿರಲ್ಲದೆ ಬೇರೇನೂ ಕೇಳಿಸಲಿಲ್ಲ. ಮುಂದಿನ ಸಾಲಿನ ಬೆನ್ನುಗಳು ಏರುತ್ತಿದ್ದವು, ಇಳಿಯುತ್ತಿದ್ದವು. ಸರ್ ಅವರ ಅಂಗಿಯ ಗುಂಡಿ ಏರುತ್ತಿತ್ತು, ಇಳಿಯುತ್ತಿತ್ತು. ಇಷ್ಟು ಮಂದಿ ಬದುಕಿದ್ದಾರೆ, ಇವರಲ್ಲಿ ಒಬ್ಬರನ್ನೂ ಯಾರೂ ಎಣಿಸಿಲ್ಲ. ವಾಂತಿ ಬರುವಂತಾಗಿದೆ ಎಂದು ಹೇಳಿ ಅವಳು ಎದ್ದಳು. ಮೆಟ್ಟಿಲು ಇಳಿಯುವಾಗ, ಹೋಗಿ ನೋಡಿದರೆ ಏನೂ ಇರುವುದಿಲ್ಲ ಎಂದುಕೊಂಡಳು. ಏನೂ ಇರದಿರಲಿ ಎಂದು ಬೇಡಿದಳು. ಆ ಬೇಡಿಕೆ ಮುದುಕಿಯ ಸಲುವಾಗಿಯೋ ತನ್ನ ಸಲುವಾಗಿಯೋ ಎಂದು ಕೇಳಿಕೊಳ್ಳುವಷ್ಟರಲ್ಲಿ ವಾರ್ಡಿನ ಬಾಗಿಲು ಬಂತು.

ಸಲಾವುದ್ದೀನ ಇರಲಿಲ್ಲ, ಊಟಕ್ಕೆ ಹೋಗಿದ್ದ. ಖಾಸೀಂಬಿ ಮಲಗಿರಲಿಲ್ಲ. ಎರಡೂ ಕೈಗಳನ್ನು ಹಾಸಿಗೆಗೆ ಊರಿ, ಮುಂದಕ್ಕೆ ಬಾಗಿ, ಬಾಯಿ ತೆರೆದು ಕುಳಿತಿದ್ದಳು. ಕೊರಳಿನ ಬುಡದಲ್ಲಿ ಪ್ರತಿ ಉಸಿರಿಗೂ ಒಂದು ಗುಳಿ ಬೀಳುತ್ತಿತ್ತು. ಭಾಗ್ಯಜ್ಯೋತಿ ಮಣಿಕಟ್ಟು ಹಿಡಿದಳು. ಕದ್ದು ನೋಡುವ ಅಗತ್ಯವಿರಲಿಲ್ಲ, ಮುದುಕಿಗೆ ಯಾರೂ ಕಾಣುತ್ತಿರಲಿಲ್ಲ. ಅರ್ಧ ನಿಮಿಷಕ್ಕೇ ಹತ್ತೊಂಬತ್ತಾಯಿತು, ಇಪ್ಪತ್ತಾಯಿತು. ತಾನು ತಪ್ಪು ಎಣಿಸುತ್ತಿದ್ದೇನೆ ಎಂದು ಮತ್ತೆ ಮೊದಲಿನಿಂದ ಹಿಡಿದಳು. ಪೂರ್ತಿ ನಿಮಿಷಕ್ಕೆ ನಲವತ್ತು. ಫಲಕ ತೆರೆದಾಗ ಬೂದು ಬಣ್ಣದ ಹದಿನೆಂಟು ವಿಧೇಯವಾಗಿ ಕಾದು ಕುಳಿತಿತ್ತು. ಅದನ್ನು ಅಳಿಸಿ ನಲವತ್ತು ಎಂದು ಬರೆದಳು. ಹಿಂದಿನ ದಾಖಲೆಗಳಿಗೆ ಹೊಂದುವುದಿಲ್ಲ, ಮತ್ತೊಮ್ಮೆ ಪರಿಶೀಲಿಸಿ ಎಂದಿತು ಶಾಣ್ಯಾ. ಅದು ಅವಳನ್ನು ನಂಬಲಿಲ್ಲ. ಅವಳ ಸುಳ್ಳುಗಳನ್ನೆಲ್ಲ ನಂಬಿದ್ದು, ಮೊದಲ ನಿಜಕ್ಕೆ ಸಾಕ್ಷಿ ಕೇಳಿತು. ಅವಳು ಒತ್ತಿದಳು. ಫಲಕ ಕೆಂಪಾಯಿತು, ಕೂಗಿತು.

ಡಾಕ್ಟರ್ ಸಂಜುಕುಮಾರ ಓಡಿಬಂದು ಎದೆಗೆ ಸ್ಟೆತಾಸ್ಕೋಪು ಇಟ್ಟು ಕೇಳಿದರು, ಶ್ವಾಸಕೋಶದ ತುಂಬ ಸೋಂಕು ಎಂದರು, ಮುಖಕ್ಕೆ ದೊಡ್ಡ ಮಾಸ್ಕು ಹಾಕಿಸಿದರು, ಕಲಬುರಗಿಯ ದೊಡ್ಡ ಆಸ್ಪತ್ರೆಗೆ ಫೋನು ಮಾಡಿ ಐಸಿಯುನಲ್ಲಿ ಒಂದು ಹಾಸಿಗೆ ಹಿಡಿದಿರಿಸಿದರು. ಆಮೇಲೆ ಫಲಕದಲ್ಲಿದ್ದ ಗೆರೆಯನ್ನು ನೋಡಿದರು. ಮೂರು ದಿನ ಹದಿನೆಂಟರಲ್ಲಿ ನೀರಿನಂತೆ ಸಮವಾಗಿದ್ದು, ಈಗ ಒಮ್ಮೆಲೇ ಗೋಡೆಯಂತೆ ಎದ್ದ ಗೆರೆ. “ಮುಂಜಾನಿ ಬರೋಬ್ಬರಿ ಇತ್ತಲ್ಲ. ಏಕದಂ ಹಿಂಗಾತೇನು?”

ಹೇಳುವುದಿದ್ದರೆ ಆಗಲೇ ಹೇಳಬೇಕಾಗಿತ್ತು. ಸುಭದ್ರಾಬಾಯಿ ಸಿಸ್ಟರ್ ಔಷಧ ತುಂಬುತ್ತಿದ್ದ ಸಿರಿಂಜನ್ನು ಹಿಡಿದು ಹಾಗೆಯೇ ನಿಂತರು. ಆ ಕಣ್ಣುಗಳಲ್ಲಿ ಗದರಿಕೆ ಇರಲಿಲ್ಲ, ಬೇಡಿಕೆ ಇತ್ತು; ಅದೇ ಹೆಚ್ಚು ಭಯಂಕರವಾಗಿತ್ತು.

“ಹೌದ್ರಿ ಸರ್. ಏಕದಂ,” ಎಂದಳು ಭಾಗ್ಯಜ್ಯೋತಿ.

“ನೀನ ಹೋಗು ಕಲಬುರಗಿ ತನಕ,” ಎಂದರು ಸಿಸ್ಟರ್, ಮುಖ ತಿರುಗಿಸಿಕೊಂಡು. “ನಿನ್ನ ಪೇಷಂಟು. ಇಲ್ಲಿ ನಾ ಒಬ್ಬಾಕಿನ ಅದೇನಿ.”

ಆ್ಯಂಬುಲೆನ್ಸು ಊರು ದಾಟಿತು. ಚಾಲಕ ಅಬ್ದುಲ್ ಗನಿ ಮುಂದೆ; ಹಿಂದೆ ಮುದುಕಿ, ಅವಳ ತಲೆಯ ಬಳಿ ಭಾಗ್ಯಜ್ಯೋತಿ, ಕಾಲಿನ ಬಳಿ ಸಲಾವುದ್ದೀನ. ಇಲ್ಲಿಯ ಯಂತ್ರ ಎದೆಗೆ ಅಂಟಿಸಿದ ತಂತಿಗಳಿಂದ ಉಸಿರನ್ನು ತಾನೇ ಎಣಿಸುತ್ತಿತ್ತು. ಎಣಿಸಿದ್ದನ್ನು ಅದು ಶಾಣ್ಯಾನಿಗೆ, ಶಾಣ್ಯಾ ಅದನ್ನು ಕಲಬುರಗಿಗೆ ಕಳಿಸುತ್ತಿತ್ತು. ಇನ್ನು ಯಾರೂ ಸುಳ್ಳು ಬರೆಯುವ ಹಾಗಿರಲಿಲ್ಲ. ಆ ವಿಚಾರದಿಂದ ಅವಳಿಗೆ ಒಂದು ಬಗೆಯ ನಿರಾಳ ಉಂಟಾಯಿತು, ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿದಾಗ ಒಳಗಿದ್ದವರಿಗೆ ಉಂಟಾಗಬಹುದಾದ ನಿರಾಳ. ಸಲಾವುದ್ದೀನ ಒದ್ದೆ ಕಣ್ಣಿನಿಂದ, “ನೀ ಬಂದ ನೋಡಿದ್ದಕ್ಕ ಉಳದಾಳ ಬೇಟಿ. ನಾ ಹಾಳಾದಾಂವ ಉಣ್ಣಾಕ ಹೋಗಿದ್ದೆ,” ಎಂದ. ತನ್ನ ತಾಯಿಯ ಮಾತಿಗೆ ನಕ್ಕದ್ದನ್ನು ನೆನೆದು ಹಣೆ ಹಣೆ ಬಡಿದುಕೊಂಡ. ಆ ಹೊಡೆತಗಳು ತನಗೆ ಸೇರಬೇಕಾದವು ಎಂದು ಅವಳಿಗೆ ತಿಳಿದಿತ್ತು. ಆದರೂ ಅವನ ಕೈ ಹಿಡಿದು, “ಹಂಗ ಮಾಡಬ್ಯಾಡ್ರಿ,” ಎಂದಳು, ಕರುಣೆಯ ದನಿಯಲ್ಲಿ. ಭೀಮಾ ನದಿಯ ಸೇತುವೆ ಬಂತು. ಕೆಳಗೆ ಬಿಸಿಲಿನಲ್ಲಿ ನೀರು ಕಾಣದಷ್ಟು ಬೆಳ್ಳಗಿತ್ತು. ಯಂತ್ರದ ಅಂಕಿ ಮೂವತ್ತಾರು ಎಂದಿತು. ಸೇತುವೆ ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಮೂವತ್ತು. ಆಮೇಲೆ ಇಪ್ಪತ್ತನಾಲ್ಕು.

ಜೊತೆಗೆ ತಂದು ಮಡಿಲಲ್ಲಿ ಇರಿಸಿಕೊಂಡಿದ್ದ ಫಲಕ ಕೆಂಪಿನಿಂದ ಹಳದಿಗೆ ಬಂತು. ಹಳದಿಯಿಂದ, ಕಣ್ಣೆವೆ ಮುಚ್ಚಿದಷ್ಟು ಮೃದುವಾಗಿ, ಹಸಿರಿಗೆ.

“ಹಸರ ಬಂತ್ರೀ!” ಸಲಾವುದ್ದೀನ ಕೂಗಿದ. “ಗನಿಭಾಯಿ, ಅಮ್ಮಾಗ ಆರಾಮ ಆತು, ಹಸರ ಬಂತು!”

“ಅಲ್ಲಾ ದೊಡ್ಡಾಂವ,” ಎಂದು ಗನಿ ಮುಂದಿನಿಂದ ಹೇಳಿ, ವೇಗ ಸ್ವಲ್ಪ ತಗ್ಗಿಸಿದ.

ಯಂತ್ರ ಸುಳ್ಳು ಹೇಳುತ್ತಿರಲಿಲ್ಲ. ಉಸಿರು ಇಪ್ಪತ್ತಕ್ಕೆ ಇಳಿದಿತ್ತು. ಭಾಗ್ಯಜ್ಯೋತಿ ಆ ಬಣ್ಣವನ್ನು ನೋಡಿದಳು, ಮತ್ತು ಅದರೊಳಗೆ ತನಗಾಗಿ ತೆರೆದಿದ್ದ ಬಾಗಿಲನ್ನು ಕಂಡಳು. ಮೂರು ದಿನ ಹದಿನೆಂಟು. ಮಧ್ಯಾಹ್ನ ಒಂದಿಷ್ಟು ಏರುಪೇರು. ಈಗ ಮತ್ತೆ ಮೊದಲಿನ ಹಾಗೆ. ಆ ಗೆರೆಯಲ್ಲಿ ಅವಳ ಬೆರಳಿನ ಗುರುತು ಎಲ್ಲಿಯೂ ಉಳಿಯುವುದಿಲ್ಲ. ಯಾರೂ ಕೇಳುವುದಿಲ್ಲ, ಎಂದಿಗೂ. ಅವಳು ಮಾಡಬೇಕಾದದ್ದು ಇಷ್ಟೇ, ಪರದೆಯನ್ನೇ ನೋಡುತ್ತಿರುವುದು. ಆದರೆ ಅವಳ ಅಂಗೈ ಆಗಲೇ ಮುದುಕಿಯ ಹೊಟ್ಟೆಯ ಮೇಲೆ ಇತ್ತು. ಯಾವಾಗ ಇಟ್ಟಳೋ ಅವಳಿಗೇ ತಿಳಿಯದು. ಎದೆ ಏರಿದಾಗ ಹೊಟ್ಟೆ ಒಳಕ್ಕೆ ಹೋಗುತ್ತಿತ್ತು, ಒಂದಕ್ಕೊಂದು ಜಗಳವಾಡಿದ ಹಾಗೆ. ಮೈ ತಣ್ಣಗೆ ಬೆವೆತಿತ್ತು. “ಅಮ್ಮಾ,” ಎಂದಳು. “ಅಮ್ಮಾ, ಕಣ್ಣ ತೆರೀರಿ.” ಭುಜ ಹಿಸುಕಿದಳು. ಕಣ್ಣು ತೆರೆಯಲಿಲ್ಲ. ಇದು ಗುಣವಲ್ಲ. ಮೂರು ದಿನ ಓಡಿದ ಎದೆ ದಣಿದು ಕುಳಿತುಕೊಳ್ಳುತ್ತಿದೆ. ಇನ್ನು ಸ್ವಲ್ಪ ಹೊತ್ತಿಗೆ ಮಲಗುತ್ತದೆ. ಇಳಿಯುತ್ತ ಇಳಿಯುತ್ತ ಉಸಿರು ಎಲ್ಲ ಒಳ್ಳೆಯ ಅಂಕಿಗಳನ್ನೂ ಹಾಯ್ದು ಹೋಗುತ್ತದೆ, ಹಾಯುವಾಗ ಪರದೆ ಹಸಿರಾಗಿಯೇ ಇರುತ್ತದೆ. ಅವಳು ಬದಿಯ ಪೆಟ್ಟಿಗೆಯಿಂದ ಬಲೂನಿನಂಥ ಗಾಳಿಚೀಲವನ್ನು ಎಳೆದು, ಅದರ ಮುಸುಕನ್ನು ಮುದುಕಿಯ ಮುಖಕ್ಕೆ ಒತ್ತಿ ಹಿಡಿದು, ಚೀಲವನ್ನು ಹಿಸುಕಿದಳು. ಎದೆ ಏರಿತು.

ಅಷ್ಟರಲ್ಲಿ ಆ್ಯಂಬುಲೆನ್ಸಿನ ಫೋನಿಗೆ ಕರೆ ಬಂತು. ಅವಳ ಎರಡೂ ಕೈಗೆ ಬಿಡುವಿರಲಿಲ್ಲ. ಸಲಾವುದ್ದೀನ ಫೋನು ಎತ್ತಿ, ದನಿ ದೊಡ್ಡದು ಮಾಡಿ, ಅವಳ ಬಾಯಿಯ ಬಳಿ ಹಿಡಿದ.

“ಐಸಿಯುನಿಂದ ಮಾತಾಡ್ತಿದ್ದೇನೆ,” ಎಂದಿತು ಒಂದು ಹೆಣ್ಣು ದನಿ, ಸಮಾಧಾನದ, ವಿದ್ಯಾವಂತ ದನಿ. “ನಿಮ್ಮ ರೋಗಿಯ ಸ್ಕೋರ್ ಹಸಿರಿಗೆ ಬಂದಿದೆ. ಮೂರು ದಿನ ನಾರ್ಮಲ್ ಇದ್ದು, ಒಮ್ಮೆ ಏರಿ ಇಳಿದಿದೆ. ಕಫ ಸಿಕ್ಕಿಕೊಂಡು ಬಿಟ್ಟಿರಬೇಕು. ಇಲ್ಲಿರೋದು ಒಂದೇ ಹಾಸಿಗೆ, ಇನ್ನೊಬ್ಬರು ಬಾಗಿಲಲ್ಲಿದ್ದಾರೆ. ಇವರನ್ನು ಜನರಲ್ ವಾರ್ಡಿಗೆ ಕರೆದುಕೊಂಡು ಹೋಗಿ.”

“ಇಲ್ರಿ ಮೇಡಂ. ಆಕಿ ದಣದಾಳ್ರಿ. ಎಚ್ಚರ ಇಲ್ಲ. ನಾ ಚೀಲ ಒತ್ತಾಕತ್ತೇನಿ.”

“ನೀವು ಸ್ಟಾಫಾ?”

“ಸ್ಟೂಡೆಂಟ್ ರೀ.”

“ನೋಡಮ್ಮಾ, ಗಾಬರಿ ಸಹಜ. ಆದರೆ ಇಷ್ಟು ದಿನ ಇಷ್ಟು ಸಮವಾಗಿದ್ದ ರೋಗಿ ಒಂದು ಗಂಟೆಯಲ್ಲಿ ದಣಿಯೋದಿಲ್ಲ. ಗೆರೆ ನನ್ನ ಕಣ್ಣ ಮುಂದೆ ಇದೆ.”

ಭಾಗ್ಯಜ್ಯೋತಿ ಫೋನಿನ ಆಚೆಗೆ, ಅದನ್ನು ಹಿಡಿದಿದ್ದ ಕೈಯ ಆಚೆಗೆ, ಸಲಾವುದ್ದೀನನ ಮುಖವನ್ನು ನೋಡಿದಳು. ಅವನು ಅವಳ ಬಾಯಿಯನ್ನೇ ನೋಡುತ್ತಿದ್ದ, ಅಲ್ಲಿಂದ ತನ್ನ ತಾಯಿಗೆ ಒಂದು ಹಾಸಿಗೆ ಹುಟ್ಟಿಬರುತ್ತದೆ ಎಂಬ ಹಾಗೆ. ಫೋನನ್ನು ಬೇರೆ ಕಡೆ ಹಿಡಿಯಿರಿ, ಕಿವಿ ಮುಚ್ಚಿಕೊಳ್ಳಿರಿ ಎಂದು ಹೇಳಲು ದಾರಿಯಿರಲಿಲ್ಲ. ಚೀಲವನ್ನು ಹಿಸುಕಿದಳು.

“ಆ ಗೆರಿ ಖರೆ ಅಲ್ಲ ಮೇಡಂ,” ಎಂದಳು. “ಮೂರು ದಿನದ ಉಸರು ಬರದಾಕಿ ನಾ. ನಾ ಎಣಿಸಿಲ್ರಿ. ಒಮ್ಮೆನೂ ಎಣಿಸಿಲ್ಲ. ಸುಮ್ನ ಹದಿನೆಂಟ ಒತ್ತೀನಿ. ಮೂರು ದಿನದಿಂದ ಆಕಿಗೆ ದಮ್ ಹತ್ತಿತ್ತ ಕಾಣಸ್ತದ. ಮುಂಜಾನೆ ಆಕಿ ಬಾಯಿ ಬಿಟ್ಟ ಹೇಳಿದ್ಳು, ನಾ ಹಸರ ತೋರಿಸಿದೆ. ಇವತ್ತ ಮಧ್ಯಾಹ್ನದ ನಲವತ್ತ ಒಂದ ಖರೆ.”

ಟೈರುಗಳ ಸದ್ದು. ಚೀಲ ಉಬ್ಬಿಕೊಳ್ಳುವ ಸದ್ದು.

“ನಿಮ್ಮ ಹೆಸರು?”

“ಭಾಗ್ಯಜ್ಯೋತಿ. ಭಾಗ್ಯಜ್ಯೋತಿ ಜಗದೇವಪ್ಪ. ಮೂರನೇ ವರ್ಷ.”

“ನೇರ ಐಸಿಯು ಬಾಗಿಲಿಗೆ ಬನ್ನಿ. ಹಾಸಿಗೆ ಇರುತ್ತೆ. ಒತ್ತೋದು ನಿಲ್ಲಿಸಬೇಡಿ. ಬಂದಮೇಲೆ ನೀವು ಎಲ್ಲಿಗೂ ಹೋಗಬಾರದು.” ಫೋನು ಕಡಿದುಹೋಯಿತು.

ಗನಿ ವೇಗ ಹೆಚ್ಚಿಸಿದ. ಗಾಡಿ ಒಮ್ಮೆ ಕೂಗಿ ಮುನ್ನುಗ್ಗಿತು. ಸಲಾವುದ್ದೀನನ ಕೈ ಗಾಳಿಯಲ್ಲಿ ಹಾಗೆಯೇ ಇತ್ತು, ಫೋನು ಹಿಡಿದುಕೊಂಡು. ಬಹಳ ನಿಧಾನವಾಗಿ ಅದು ಕೆಳಗೆ ಇಳಿಯಿತು. ಅವನು ತಾಯಿಯನ್ನು ನೋಡಿದ, ಫಲಕವನ್ನು ನೋಡಿದ. ಅವಳು ಒತ್ತಿದ ಗಾಳಿಯನ್ನೂ ಉಸಿರೆಂದೇ ಎಣಿಸಿಕೊಂಡು ಅದು ಇನ್ನೂ ಹಸಿರಾಗಿತ್ತು. ಅದನ್ನು ಎತ್ತಿ ಸೀಟಿನ ಮೇಲೆ ಬೋರಲು ಹಾಕಿದ. ಆಮೇಲೆ ಅವಳ ಕಡೆ ತಿರುಗಿದ. ಹೊಡೆಯುತ್ತಾನೆ ಎಂದುಕೊಂಡಳು, ಹೊಡೆಯಲಿ ಎಂದುಕೊಂಡಳು, ಹೊಡೆದರೆ ಎಲ್ಲ ಇಲ್ಲಿಗೇ ಮುಗಿಯುತ್ತದೆ ಎಂಬ ಹೇಡಿಯ ಆಸೆ ಅವಳ ಕೈಗಳನ್ನು ಒಂದು ಗಳಿಗೆ ಸಡಿಲ ಮಾಡಿತು. ಅವನು ಮೊಣಕಾಲೂರಿ ಹತ್ತಿರ ಬಂದು, ಅವಳ ಬೆರಳುಗಳನ್ನು ಸರಿಸಿ, ತಾಯಿಯ ಮುಖದ ಮೇಲಿನ ಮುಸುಕನ್ನು ತನ್ನ ಎರಡೂ ಕೈಗಳಿಂದ ಬಿಗಿಯಾಗಿ ಹಿಡಿದುಕೊಂಡ.

“ಕೈ ಯಾಕ ನಿಂತ್ವು?” ಎಂದ. ದನಿಯಲ್ಲಿ ಏನೂ ಇರಲಿಲ್ಲ. “ಒತ್ತ್ರಿ ಸಿಸ್ಟರ್. ಮೊದಲ ಒತ್ತ್ರಿ.”

ಅವಳು ಒತ್ತಿದಳು.